ಹಕ್ಕಿಯ ಬಾಲದಲ್ಲೊಂದು ಕುಣಿಕೆ

ನಮ್ಮ ಬೀದಿಯಲ್ಲಿ ಆಕೆಯನ್ನು ಸ್ವಂತ ಹೆಸರಿನಿಂದ ಕರೆಯುವವನು ಅಂಚೆಯವನೊಬ್ಬನೇ. ಮಿಕ್ಕವರಿಗೆಲ್ಲ ಆಕೆ ಚೌಕಳಿ ಅಕ್ಕ. ಕೈಚೀಲದಲ್ಲಿ ತರಕಾರಿ ಇರಲಿ, ಇಲ್ಲದಿರಲಿ, ಸಣ್ಣ ಸಣ್ಣ ಚೌಕಗಳಿರುವ ಕಾಗದದ ಸುರುಳಿಯೊಂದು ಇದ್ದೇ ಇರುತ್ತದೆ. ಬಸ್ಸಿಗೆ ಕಾಯುವಾಗ ಅದನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಚೌಕಕ್ಕೆ ನೀಲಿ ಪೆನ್ಸಿಲು ತುಂಬುತ್ತ ಕೂರುತ್ತಾಳೆ. ಎದುರಿಗೇ ಬಸ್ಸು ಬಂದು, ನಿಂತು, ಹೋದದ್ದೂ ಉಂಟು. "ಮಗ ದಿನಾ ಬಸ್ಸು ಓಡಿಸ್ತಾನೆ, ಸೊಸೆ ದಿನಾ ಬಸ್ಸು ತಪ್ಪಿಸ್ಕೋತಾಳೆ. ನಮ್ಮನೇಲಿ ಅಲ್ಲಿಗಲ್ಲಿಗೆ ಸರಿಹೋಯ್ತು" ಎಂದು ಆಕೆಯ ಅತ್ತೆ ಹೇಳುತ್ತಿರುತ್ತಾರೆ.

ಊರಿನ ಹೆಣಿಗೆ ಕಾರ್ಖಾನೆಯಲ್ಲಿ ಆಕೆಯದು ಚಿತ್ರ ಏರಿಸುವ ಕೆಲಸ. ಅಲ್ಲಿ ಆರು ಯಂತ್ರಗಳು ಉಣ್ಣೆಯ ಹೊದಿಕೆಗಳನ್ನು ಹೆಣೆಯುತ್ತವೆ. ಹೊದಿಕೆಯ ನಡುವೆ ಹೂವೋ ಮೀನೋ ದೋಣಿಯೋ ಮೂಡಬೇಕಾದರೆ, ಯಾವ ಕುಣಿಕೆಗೆ ಬಿಳಿಯ ನೂಲು, ಯಾವ ಕುಣಿಕೆಗೆ ನೀಲಿಯ ನೂಲು ಎಂಬುದನ್ನು ಯಂತ್ರಕ್ಕೆ ಮೊದಲೇ ಹೇಳಿಡಬೇಕು. ಕಾಗದದ ಒಂದು ಚೌಕಕ್ಕೆ ಹೊದಿಕೆಯ ಒಂದು ಕುಣಿಕೆ. ಆಕೆ ಕಾಗದದ ಮೇಲೆ ಚಿತ್ರವನ್ನು ಬರೆದು, ತನ್ನ ಕೋಣೆಯ ಕಂಪ್ಯೂಟರಿಗೆ ಏರಿಸಿ, ಅಲ್ಲಿಂದ ತಂತಿಯ ಮೂಲಕ ಯಂತ್ರಗಳಿಗೆ ಕಳುಹಿಸುತ್ತಾಳೆ. ಪ್ರತಿಯೊಂದು ಯಂತ್ರದ ಪಕ್ಕದಲ್ಲಿಯೂ ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆಯಿದೆ. ಅದರೊಳಗಿನ ಮೆಮೊರಿ ಆ ಚಿತ್ರವನ್ನು ನೆನಪಿಟ್ಟುಕೊಂಡು ಹೊದಿಕೆಯ ಮೇಲೆ ಹೊದಿಕೆಯನ್ನು ಹೆಣೆಸುತ್ತದೆ. ನೀಲಿಯೆಂದರೆ ಒಂದು, ಬಿಳಿಯೆಂದರೆ ಸೊನ್ನೆ. ಮೂರನೆಯ ಮಾತು ಅದಕ್ಕೆ ಗೊತ್ತಿಲ್ಲ.

ಈಕೆ ನನ್ನ ವಿದ್ಯಾರ್ಥಿನಿ. ನಾಲ್ಕನೆಯ ತರಗತಿಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಮುಂದಿನ ಕಥೆಗೆ ಬುಡವೇ ಇಲ್ಲದಂತಾಗುತ್ತದೆ.

ಆ ವರ್ಷ ನಾನು ನಲವತ್ತೆರಡು ಮಕ್ಕಳನ್ನು ಊರಾಚೆಯ ನೀರೆತ್ತುವ ಕೇಂದ್ರಕ್ಕೆ ನಡೆಸಿಕೊಂಡು ಹೋಗಿದ್ದೆ. ನನ್ನ ಪದ್ಧತಿ ಸುಲಭವಾದದ್ದು. ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ನಡೆಯಬೇಕು. ನಿಂತಲ್ಲೆಲ್ಲ ನಾನು "ಜೋಡಿ ಸರಿಯಿದೆಯಾ?" ಎಂದು ಕೇಳುತ್ತಿದ್ದೆ. ಯಾರಾದರೂ ಒಂಟಿಯಾಗಿ ನಿಂತಿದ್ದರೆ ಒಂದು ಮಗು ತಪ್ಪಿಹೋಗಿದೆ ಎಂದು ಅರ್ಥ. ನಲವತ್ತೆರಡು ತಲೆಗಳನ್ನು ಎಣಿಸುವ ಗೋಜೇ ಇಲ್ಲ. ಹಿಂತಿರುಗಿ ಬರುವಾಗಲೂ ಕೇಳಿದೆ. "ಸರಿಯಿದೆ ಸಾರ್" ಎಂದು ಒಕ್ಕೊರಲಿನಿಂದ ಹೇಳಿದರು. ಯಾರೂ ಒಂಟಿಯಾಗಿರಲಿಲ್ಲ. ನಾನು ನಿಶ್ಚಿಂತೆಯಿಂದ ಮುಂದೆ ನಡೆದೆ. ಅರ್ಧ ದಾರಿ ಕ್ರಮಿಸಿದ ಮೇಲೆ ಒಬ್ಬ ಹುಡುಗಿ ಬಂದು, "ಸಾರ್, ನಮ್ಮ ಬೆಂಚಲ್ಲಿ ಮೂರು ಜನ ಇರ್ಬೇಕಲ್ವಾ, ಇಬ್ರೇ ಇದೀವಿ" ಎಂದಳು. ಒಂದು ಜೋಡಿಗೆ ಜೋಡಿಯೇ ಹಿಂದೆ ಉಳಿದುಬಿಟ್ಟಿತ್ತು. ಉಳಿದ ಇಪ್ಪತ್ತು ಜೋಡಿಗಳೂ ಗಟ್ಟಿಯಾಗಿ ಕೈ ಹಿಡಿದುಕೊಂಡು ನನಗೆ ಸುಳ್ಳು ಧೈರ್ಯ ಕೊಟ್ಟಿದ್ದವು.

ಓಡಿಹೋಗಿ ನೋಡಿದರೆ ಇಬ್ಬರು ಹುಡುಗಿಯರು ಪಂಪಿನ ಗಾಲಿ ತಿರುಗುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಈಕೆ. ಕಿವಿ ಹಿಂಡಲು ಹೋದವನ ಮುಂದೆ ಆಕೆ ನಿಂತು, "ನೀವು ಜೋಡಿ ನೋಡಿದ ಮೇಲೆ ಬೆಂಚೂ ನೋಡ್ಬೇಕಿತ್ತು ಸಾರ್. ಒಂದು ಸುಮ್ನಿದ್ರೂ ಇನ್ನೊಂದು ಕೂಗ್ತಿತ್ತು" ಎಂದಳು. ಕಿವಿಯನ್ನು ಹಿಂಡದೆ ಬಿಟ್ಟೆ. ಅಂದಿನಿಂದ ನಿವೃತ್ತನಾಗುವವರೆಗೆ ಪ್ರತಿಯೊಂದು ಪ್ರವಾಸದಲ್ಲಿಯೂ ಜೋಡಿಯನ್ನು ನೋಡಿ, ಬೆಂಚನ್ನೂ ನೋಡಿದೆ. ಒಂದು ಮಗುವೂ ತಪ್ಪಲಿಲ್ಲ.

ಇನ್ನು ಕಾರ್ಖಾನೆಯ ಮಾತು. ಚಿತ್ರ ಏರಿಸುವ ಕುರ್ಚಿಯಲ್ಲಿ ಆಕೆ ಹದಿನೇಳು ವರ್ಷ ಕುಳಿತಿದ್ದಳು. ಆಗ ಮಕ್ಕಳ ಆಸ್ಪತ್ರೆಯೊಂದು ಎಂಟು ನೂರು ಹೊದಿಕೆಗಳನ್ನು ಕೇಳಿತು. ಬಿಳಿಯ ಹೊದಿಕೆ, ನಡುವೆ ನೀಲಿಯ ಹಕ್ಕಿ. ಹಕ್ಕಿಯ ಅಗಲ ಮೂವತ್ತೆರಡು ಕುಣಿಕೆ, ಎತ್ತರ ನಲವತ್ತು ಕುಣಿಕೆ. ಕಣ್ಣಿಗೆ ಒಂದೇ ಒಂದು ಬಿಳಿಯ ಕುಣಿಕೆ. ಆ ಒಂದು ಬಿಳಿಯ ಚುಕ್ಕೆಯಿಂದಲೇ ಹಕ್ಕಿಗೆ ಜೀವ ಬಂದಂತಿತ್ತು. ಮಾದರಿಯನ್ನು ನೋಡಿದವರೆಲ್ಲ ಮೆಚ್ಚಿಕೊಂಡರು.

ಎರಡನೆಯ ವಾರ ಮೂರನೆಯ ಯಂತ್ರದಿಂದ ಕಣ್ಣಿಲ್ಲದ ಹಕ್ಕಿಗಳು ಬರತೊಡಗಿದವು. ಬೆಳಗ್ಗೆ ಹೆಣೆದ ಹೊದಿಕೆಗಳು ಸರಿಯಾಗಿದ್ದವು. ಮಧ್ಯಾಹ್ನದ ಹನ್ನೊಂದು ಹೊದಿಕೆಗಳಲ್ಲಿ ಕಣ್ಣಿನ ಜಾಗವೂ ನೀಲಿ. ಹೊದಿಕೆಗಳನ್ನು ಪರೀಕ್ಷಿಸುವವಳು ಆಕೆಯ ಗೆಳತಿ. ಕಾರ್ಖಾನೆಯಲ್ಲಿ ಅವಳಿಗೆ ಹದ್ದುಗಣ್ಣಿ ಎಂದು ಹೆಸರು. ಅವಳು ಹನ್ನೊಂದನ್ನೂ ಪಕ್ಕಕ್ಕೆ ತೆಗೆದಿಟ್ಟಳು. ಗೋಡೆಯ ಮೇಲಿನ ಹಲಗೆಯಲ್ಲಿ ಬರೆದಿದ್ದಂತೆ ಯಂತ್ರದವರು ನಡೆದುಕೊಂಡರು. ಆ ಹಲಗೆಯನ್ನು ಮ್ಯಾನೇಜರು ತಾವೇ ನಿಂತು ಬರೆಸಿದ್ದರು: "ತಪ್ಪು ಕಂಡರೆ ನಿಲ್ಲಿಸಿ. ಆರಿಸಿ. ಮತ್ತೆ ಹಾಕಿ. ಆಮೇಲೆ ನನ್ನನ್ನು ಕರೆಯಿರಿ."

ನಿಲ್ಲಿಸಿದರು, ಆರಿಸಿದರು, ಮತ್ತೆ ಹಾಕಿದರು. ಆರಿಸಿ ಹಾಕಿದಾಗ ಪೆಟ್ಟಿಗೆಯ ಮೆಮೊರಿಯಲ್ಲಿದ್ದುದೆಲ್ಲ ಅಳಿಸಿಹೋಗಿ, ಚೌಕಳಿ ಅಕ್ಕನ ಕಂಪ್ಯೂಟರಿನಿಂದ ಚಿತ್ರ ಹೊಸದಾಗಿ ಬರುತ್ತದೆ. ಹಕ್ಕಿಗೆ ಕಣ್ಣು ಬಂತು. ಮ್ಯಾನೇಜರು ಬಂದು ನೋಡಿದಾಗ ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಮೂರು ದಿನಗಳ ತರುವಾಯ ರೆಕ್ಕೆಯಲ್ಲಿ ಬಿಳಿಯ ಚುಕ್ಕೆ. ನಿಲ್ಲಿಸಿ, ಆರಿಸಿ, ಹಾಕಿದರು. ಚುಕ್ಕೆ ಮಾಯ. ಮತ್ತೊಂದು ವಾರಕ್ಕೆ ಕೊಕ್ಕಿನ ತುದಿ ಮಾಯ. ಪ್ರತಿಸಲವೂ ಮ್ಯಾನೇಜರು ಬರುವಷ್ಟರಲ್ಲಿ ಸಾಕ್ಷಿಯನ್ನು ತೊಳೆದು ಒಣಗಿಸಿ ಮಡಿಸಿಟ್ಟಂತೆ ಆಗಿರುತ್ತಿತ್ತು.

ಯಂತ್ರ ಸರಿಯಿದೆ ಎಂದಾದರೆ ತಪ್ಪು ಚಿತ್ರದವಳದು. ಮ್ಯಾನೇಜರು ಆಕೆಯನ್ನು ಕರೆಸಿ, ನಾಲ್ಕು ಜನರ ಎದುರಿಗೇ ಕೇಳಿದರು.

"ಹಕ್ಕಿ ಕಣ್ಣು ಹೋಯ್ತಾ, ನಿಮ್ಮ ಕಣ್ಣು ಹೋಯ್ತಾ?"

"ಎರಡೂ ಸರಿಯಾಗಿದೆ ಸಾರ್. ನನ್ನ ಕಾಗದ ನೋಡಿ, ಕಂಪ್ಯೂಟರ್ ನೋಡಿ. ಎರಡರಲ್ಲೂ ಕಣ್ಣಿದೆ."

"ಈಗ ಇದೆ. ಮಧ್ಯಾಹ್ನ ಇತ್ತೋ ಇಲ್ವೋ ಯಾರು ಕಂಡ್ರು? ಕೋಣೆ ಕೀಲಿ ನಿಮ್ಮ ಹತ್ರಾನೇ ಇರುತ್ತೆ. ನಡುವೆ ಏನೋ ತಿದ್ದೋಕೆ ಹೋಗಿ ಕೆಡಿಸ್ತೀರಿ, ಆಮೇಲೆ ಸದ್ದಿಲ್ದೆ ಸರಿಮಾಡಿ ಕೂತ್ಕೋತೀರಿ."

"ನಾನು ಮುಟ್ಟೇ ಇಲ್ಲ ಸಾರ್."

"ತಪ್ಪು ಮಾಡೋದು ದೊಡ್ಡದಲ್ಲಮ್ಮ. ಮುಚ್ಚಿಡೋದು ದೊಡ್ಡದು. ಇನ್ನೊಂದು ಸಲ ಹೀಗಾದ್ರೆ ಆ ಕುರ್ಚಿ ಬಿಟ್ಟು ಮೂಟೆ ಕಟ್ಟೋ ಕಡೆ ಹೋಗಿ."

ಮೂಟೆ ಕಟ್ಟುವ ಕೆಲಸವೇನೂ ಕೀಳಾದದ್ದಲ್ಲ. ಆದರೆ ಸುಳ್ಳುಗಾರ್ತಿ ಎನ್ನಿಸಿಕೊಂಡು ಅಲ್ಲಿಗೆ ಹೋಗುವುದು ಬೇರೆ ಮಾತು. ಅಂದು ಸಂಜೆ ಆಕೆ ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತಳು. ಹಿಂದೆಯೇ ಅತ್ತೆಯೂ ಬಂದರು. ಆಕೆ ಎಲ್ಲವನ್ನೂ ಹೇಳಿದಳು.

"ಇವಳು ಸುಳ್ಳು ಹೇಳೋಳಲ್ಲ ಮೇಷ್ಟ್ರೇ" ಎಂದರು ಅತ್ತೆ. "ನನ್ನ ಕೈ ಅಡುಗೆ ಹೇಗಿದೆ ಅಂತ ಕೇಳಿದ್ರೆ, ಉಪ್ಪು ಜಾಸ್ತಿ ಅಂತಾಳೆ. ಹದಿನೇಳು ವರ್ಷದಿಂದ. ಸುಳ್ಳು ಹೇಳೋಕೆ ಬರೋದಾಗಿದ್ರೆ ನನ್ನ ಹತ್ರ ಹೇಳ್ತಿರ್ಲಿಲ್ವಾ?"

ಅಳುತ್ತಿದ್ದವಳು ನಕ್ಕಳು. ನಕ್ಕವಳು ಕಣ್ಣೊರೆಸಿಕೊಂಡು, "ಸಾರ್, ಆ ಪಂಪ್ ನೋಡೋಕೆ ಹೋಗಿದ್ದು ನೆನಪಿದೆಯಾ?" ಎಂದು ಕೇಳಿದಳು.

"ಮರೆಯೋದುಂಟೇನಮ್ಮ?"

"ಜೋಡಿ, ಬೆಂಚು" ಎಂದಳು. ಚೀಲದಿಂದ ಕಾಗದದ ಸುರುಳಿಯನ್ನು ತೆಗೆದು ಹರಡಿದಳು.

ಆಕೆ ಮಾಡಿದ್ದು ಇಷ್ಟೇ. ಹಕ್ಕಿಯ ಮೊದಲನೆಯ ಅಡ್ಡಸಾಲಿನಲ್ಲಿ ನೀಲಿಯ ಕುಣಿಕೆಗಳು ಎಷ್ಟೆಂದು ಎಣಿಸಿದಳು. ಏಳು, ಬೆಸ ಸಂಖ್ಯೆ. ಆ ಸಾಲಿನ ಕೊನೆಗೆ, ಹೊದಿಕೆಯ ಅಂಚಿನಲ್ಲಿ, ಇನ್ನೊಂದು ನೀಲಿಯ ಕುಣಿಕೆಯನ್ನು ಹಾಕಿದಳು. ಎಂಟಾಯಿತು, ಎಲ್ಲಕ್ಕೂ ಜೋಡಿ ಸಿಕ್ಕಿತು. ಎರಡನೆಯ ಸಾಲಿನಲ್ಲಿ ಹತ್ತು, ಸಮ ಸಂಖ್ಯೆ. ಅಲ್ಲಿ ಅಂಚನ್ನು ಬಿಳಿಯಾಗಿಯೇ ಬಿಟ್ಟಳು. ಹೀಗೆ ನಲವತ್ತು ಅಡ್ಡಸಾಲುಗಳಿಗೂ ಒಂದೊಂದು ಕಾವಲು. ಇದು ಜೋಡಿಯ ಲೆಕ್ಕ. ಬಳಿಕ ಕಾಗದವನ್ನು ಮೇಲಿನಿಂದ ಕೆಳಕ್ಕೆ ನೋಡಿ, ಮೂವತ್ತೆರಡು ಕಂಬಸಾಲುಗಳಿಗೂ ಹಾಗೆಯೇ ಹೊದಿಕೆಯ ಕೆಳಗಿನ ಅಂಚಿನಲ್ಲಿ ಒಂದೊಂದು ಕಾವಲನ್ನು ಇಟ್ಟಳು. ಇದು ಬೆಂಚಿನ ಲೆಕ್ಕ. ಈ ಅಂಚುಗಳನ್ನು ಕೊನೆಯಲ್ಲಿ ಒಳಕ್ಕೆ ಮಡಿಸಿ ಹೊಲಿದುಬಿಡುವುದರಿಂದ ಹೊರಗೆ ಏನೂ ಕಾಣಿಸುವುದಿಲ್ಲ.

"ಒಂದು ಕುಣಿಕೆ ಬದಲಾದ್ರೆ ಅದರ ಅಡ್ಡಸಾಲಲ್ಲಿ ಒಂದು ನೀಲಿ ಒಂಟಿ ಆಗುತ್ತೆ. ಅದರ ಕಂಬಸಾಲಲ್ಲೂ ಒಂದು ಒಂಟಿ ಆಗುತ್ತೆ. ಎರಡೂ ಕೂಡೋ ಜಾಗದಲ್ಲೇ ತಪ್ಪಿದೆ" ಎಂದಳು.

"ಜಾಗ ಗೊತ್ತಾಯ್ತು ಸರಿ. ಅಲ್ಲಿ ಏನಿರ್ಬೇಕಿತ್ತು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಅತ್ತೆ ಕೇಳಿದರು.

"ಎರಡೇ ಬಣ್ಣ ಅಲ್ವಾ ಅತ್ತೆ. ನೀಲಿ ಇದ್ರೆ ಬಿಳಿ ಇರ್ಬೇಕಿತ್ತು, ಬಿಳಿ ಇದ್ರೆ ನೀಲಿ ಇರ್ಬೇಕಿತ್ತು. ಜಾಗ ಸಿಕ್ಕಿದ್ರೆ ಸಾಕು. ಸರಿ ಯಾವುದು ಅಂತ ಯಾರನ್ನೂ ಕೇಳ್ಬೇಕಾಗಿಲ್ಲ."

ನಲವತ್ತು ವರ್ಷ ಪಾಠ ಹೇಳಿದ ನನಗೆ ಈ ಮಾತು ಹೊಳೆದಿರಲಿಲ್ಲ. ಮಕ್ಕಳ ಪುಸ್ತಕಗಳಲ್ಲಿ ತಪ್ಪಿಗೆ ಕೆಂಪು ಗೆರೆಯನ್ನು ಎಳೆದು, ಪಕ್ಕದಲ್ಲಿ ಸರಿಯುತ್ತರವನ್ನು ಬರೆಯುತ್ತ ಎಷ್ಟು ಶಾಯಿಯನ್ನು ಖರ್ಚು ಮಾಡಿದ್ದೆನೋ.

ಮರುದಿನ ಆಕೆ ಮ್ಯಾನೇಜರ ಮುಂದೆ ನಿಂತು ಆರು ದಿನಗಳ ಅವಕಾಶ ಕೇಳಿದಳು. ಕಾವಲಿನ ಸಾಲುಗಳನ್ನು ಸೇರಿಸಿ ಹಕ್ಕಿಯನ್ನು ಮತ್ತೊಮ್ಮೆ ಏರಿಸಿದಳು. ಕೋಣೆಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟಳು. "ಇನ್ನು ನಾನು ಮುಟ್ಟಿದೆ ಅನ್ನೋ ಮಾತಿಲ್ಲ. ಗಂಟೆಗೊಂದು ಹೊದಿಕೆ ಎಣಿಸ್ತೀನಿ. ತಪ್ಪು ಬಂದಾಗ ಯಂತ್ರ ನಿಲ್ಲಿಸಿ, ಆದ್ರೆ ಆರಿಸ್ಬೇಡಿ. ಅಷ್ಟೇ ಕೇಳೋದು" ಎಂದಳು.

"ನನ್ನ ಹಲಗೆಗೇ ತಿದ್ದುಪಡಿಯಾ?" ಎಂದರು ಮ್ಯಾನೇಜರು. ಆದರೆ ಅವರು ನ್ಯಾಯ ಬಿಟ್ಟವರಲ್ಲ. ಮೂಲಚಿತ್ರದ ಒಂದು ಪ್ರತಿ ಹೊರಗಿನವರೊಬ್ಬರ ಬಳಿ ಇರಲಿ ಎಂದು ಅವರೇ ಹೇಳಿದರು. ಹಾಗೆ ಅದು ಅಂಟು ಹಾಕಿದ ಲಕೋಟೆಯಲ್ಲಿ ನನ್ನ ಪೆಟ್ಟಿಗೆಯನ್ನು ಸೇರಿತು.

ಮೊದಲನೆಯ ದಿನ ಎಲ್ಲವೂ ಜೋಡಿ. ಎರಡನೆಯ ದಿನವೂ ಜೋಡಿ. ಮೂರನೆಯ ದಿನ ಊಟದ ಹೊತ್ತಿಗೆ ಮೂಟೆ ಕಟ್ಟುವ ಕಡೆಯವರು ಆಕೆಗಾಗಿ ಒಂದು ಸ್ಟೂಲನ್ನು ಒರೆಸಿಟ್ಟಿದ್ದಾರೆ ಎಂದು ಯಾರೋ ಹಾಸ್ಯ ಮಾಡಿದರು. ಆಕೆಗೆ ವಿಚಿತ್ರವಾದ ಸಂಕಟ. ತಪ್ಪು ಬರದಿದ್ದರೆ, "ಕೀಲಿ ಕಿತ್ಕೊಂಡ ಕೂಡ್ಲೇ ಎಲ್ಲ ಸರಿಹೋಯ್ತು ನೋಡಿ" ಎನ್ನುತ್ತಾರೆ. ಜೀವನದಲ್ಲಿ ಮೊದಲನೆಯ ಸಲ ಆಕೆ ತನ್ನ ಕೆಲಸದಲ್ಲಿ ಒಂದು ತಪ್ಪು ಬರಲಿ ಎಂದು ಬೇಡಿಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ನನಗೆ ಕರೆ ಬಂತು. ಲಕೋಟೆಯನ್ನು ಹಿಡಿದುಕೊಂಡು ಹೋದೆ. ಮೂರನೆಯ ಯಂತ್ರ ನಿಂತಿತ್ತು. ಅದರ ಪೆಟ್ಟಿಗೆಯ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಮೇಜಿನ ಮೇಲೆ ಒಂದು ಹೊದಿಕೆ. ಸುತ್ತಲೂ ಜನ. ಹಕ್ಕಿಗೆ ಕಣ್ಣಿತ್ತು, ಕೊಕ್ಕಿತ್ತು, ರೆಕ್ಕೆಯಲ್ಲಿ ಯಾವ ಚುಕ್ಕೆಯೂ ಇರಲಿಲ್ಲ.

"ಇದ್ರಲ್ಲಿ ಏನೂ ತಪ್ಪಿಲ್ಲ ಕಣೇ" ಎಂದು ಹದ್ದುಗಣ್ಣಿ ಗೆಳತಿಯ ಕಿವಿಯಲ್ಲಿ ಹೇಳುತ್ತಿದ್ದುದು ಎಲ್ಲರಿಗೂ ಕೇಳಿಸಿತು. "ನಾನೇ ಪಾಸ್ ಮಾಡಿದ್ದೀನಿ. ಸುಮ್ನೆ ಯಂತ್ರ ನಿಲ್ಲಿಸಿಬಿಟ್ಟೆಯಲ್ಲ."

"ನಿನ್ನ ಕಣ್ಣು ಚಿತ್ರ ನೋಡುತ್ತೆ. ನಾನು ಚಿತ್ರ ನೋಡೇ ಇಲ್ಲ, ಬರೀ ಎಣಿಸಿದ್ದೀನಿ" ಎಂದಳು ಚೌಕಳಿ ಅಕ್ಕ.

ಮ್ಯಾನೇಜರು ಹದ್ದುಗಣ್ಣಿಯ ಕಡೆಗೆ ಕೈ ತೋರಿಸಿ, "ಹಾಗಾದ್ರೆ ಎಲ್ಲರ ಮುಂದೆ ಇವರು ಇನ್ನೊಂದು ಸಲ ಎಣಿಸಲಿ. ನೀವು ಎಣಿಸ್ಬೇಡಿ" ಎಂದರು.

ಆಕೆ ಗೋಡೆಯ ಕಡೆಗೆ ತಿರುಗಿ ನಿಂತಳು. ಹದ್ದುಗಣ್ಣಿ ಒಂದು ಸೂಜಿಯನ್ನು ತೆಗೆದುಕೊಂಡು, ಅಂಚನ್ನೂ ಸೇರಿಸಿ, ಕೆಳಗಿನಿಂದ ಒಂದೊಂದೇ ಅಡ್ಡಸಾಲಿನ ನೀಲಿಯನ್ನು ಎಣಿಸತೊಡಗಿದಳು. "ಒಂದನೇ ಸಾಲು, ಜೋಡಿ. ಎರಡು, ಜೋಡಿ. ಮೂರು, ಜೋಡಿ." ಇಪ್ಪತ್ತು ದಾಟಿತು. ಮೂವತ್ತು ದಾಟಿತು. ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ಮೂವತ್ತೊಂದು..." ಹದ್ದುಗಣ್ಣಿಯ ಸೂಜಿ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದಳು. "ಮೂವತ್ತೊಂದು, ಒಂಟಿ."

ಮಿಕ್ಕ ಒಂಬತ್ತು ಸಾಲುಗಳೂ ಜೋಡಿಯೇ. ಅನಂತರ ಕಂಬಸಾಲುಗಳನ್ನು ಮ್ಯಾನೇಜರು ತಾವೇ ಕನ್ನಡಕ ಹಾಕಿಕೊಂಡು ಎಣಿಸಿದರು. ಒಂದರಿಂದ ನಾಲ್ಕರವರೆಗೆ ಜೋಡಿ. ಐದನೆಯದು ಒಂಟಿ. ಆರರಿಂದ ಮೂವತ್ತೆರಡರವರೆಗೆ ಎಲ್ಲವೂ ಜೋಡಿ.

ಗೋಡೆಯ ಕಡೆಗೇ ಮುಖ ಮಾಡಿಕೊಂಡು ಆಕೆ ಹೇಳಿದಳು: "ಮೂವತ್ತೊಂದನೇ ಅಡ್ಡಸಾಲು, ಐದನೇ ಕಂಬ. ಅದು ಬಾಲದ ತುದಿ. ಅಲ್ಲೊಂದು ಕುಣಿಕೆ ನೀಲಿ ಆಗಿದೆ, ಬಿಳಿ ಇರ್ಬೇಕಿತ್ತು. ಬಾಲ ಒಂದು ಕುಣಿಕೆ ಉದ್ದ ಬಂದಿದೆ. ಮೇಷ್ಟ್ರೇ, ಲಕೋಟೆ ಒಡೀರಿ."

ಲಕೋಟೆಯನ್ನು ಒಡೆದೆ. ಮೂಲಚಿತ್ರವನ್ನು ಹೊದಿಕೆಯ ಪಕ್ಕದಲ್ಲಿ ಹರಡಿದೆವು. ಮೂವತ್ತೊಂದನೆಯ ಸಾಲು, ಐದನೆಯ ಕಂಬ: ಕಾಗದದಲ್ಲಿ ಬಿಳಿ, ಹೊದಿಕೆಯಲ್ಲಿ ನೀಲಿ. ಹಕ್ಕಿಯ ಬಾಲ ನಿಜವಾಗಿಯೂ ಒಂದು ಕುಣಿಕೆಯಷ್ಟು ಬೆಳೆದಿತ್ತು. ಹದ್ದಿನ ಕಣ್ಣಿಗೆ ಬೀಳದಿದ್ದುದನ್ನು ಗೋಡೆಗೆ ಮುಖ ಮಾಡಿದ್ದವಳು ಹೇಳಿದ್ದಳು.

ಅಷ್ಟರಲ್ಲಿ ಹದ್ದುಗಣ್ಣಿ ಕತ್ತರಿಯ ಹಿಡಿಯಿಂದ ಮೇಜನ್ನು ಬಡಿದಳು. ಪಕ್ಕದವಳೂ ಬಡಿದಳು. ಕ್ಷಣದಲ್ಲಿ ಪರೀಕ್ಷೆಯ ಮೇಜುಗಳಿಂದ ಮೂಟೆ ಕಟ್ಟುವ ಕಡೆಯವರೆಗೆ ಇಪ್ಪತ್ತು ಮೂವತ್ತು ಕತ್ತರಿಗಳ ಸದ್ದು. ಆರಿಸದೆ ಬಿಟ್ಟಿದ್ದ ಹಸಿರು ದೀಪದ ಮುಂದೆ ಆಕೆ ನಿಂತಿದ್ದಳು. ಶಾಲೆಯಲ್ಲಿ ಬಹುಮಾನ ಪಡೆದಾಗಲೂ ಆಕೆಯ ಮುಖವನ್ನು ಹಾಗೆ ಕಂಡವನಲ್ಲ ನಾನು.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಯಂತ್ರ ತಯಾರಿಸಿದವರ ಕಡೆಯಿಂದ ರಿಪೇರಿಯವರು ಬಂದರು. ಕೊರಳಿನಲ್ಲಿ ಯಾವಾಗಲೂ ಒಂದು ಸುತ್ತು ತಂತಿ ನೇತಾಡುತ್ತಿದ್ದುದರಿಂದ ಅವರನ್ನು ಎಲ್ಲರೂ ತಂತಿ ಮಾಮ ಎನ್ನುತ್ತಿದ್ದರು. ಪೆಟ್ಟಿಗೆಯನ್ನು ಆರಿಸದಿದ್ದುದರಿಂದ ಅದರ ಮೆಮೊರಿಯನ್ನು ಇದ್ದಂತೆಯೇ ಓದಲು ಸಾಧ್ಯವಾಯಿತು. ಬಾಲದ ತುದಿಯಲ್ಲಿ ಒಂದು. ಮ್ಯಾನೇಜರು ಬೀಗ ತೆಗೆದು ತೋರಿಸಿದ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ ಸೊನ್ನೆ.

"ಇದು ಕೈ ತಪ್ಪಲ್ಲ ಸ್ವಾಮಿ, ಮೆಮೊರಿ ತಪ್ಪು" ಎಂದರು ತಂತಿ ಮಾಮ. "ಇದರೊಳಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಗೂಡುಗಳಿವೆ. ಒಂದೊಂದರಲ್ಲೂ ಒಂದು ಚಿಟಿಕೆ ವಿದ್ಯುತ್ತು. ಇದ್ರೆ ಒಂದು, ಇಲ್ದಿದ್ರೆ ಸೊನ್ನೆ; ಕೆಲವು ಗೂಡುಗಳಲ್ಲಿ ಲೆಕ್ಕ ತಿರುಗುಮುರುಗು, ಸೋರಿದ್ರೆ ಸೊನ್ನೆ ಹೋಗಿ ಒಂದಾಗುತ್ತೆ. ಅದು ಸೋರ್ತಾನೇ ಇರುತ್ತೆ, ಇದು ತುಂಬ್ತಾನೇ ಇರುತ್ತೆ. ನಿಮ್ಮ ಮೂರನೇ ಯಂತ್ರ ಹಬೆ ಇಸ್ತ್ರಿ ಪಕ್ಕ ನಿಂತಿದೆ. ಸೆಕೆಗೆ ಹಳೇ ಗೂಡು ಇನ್ನೂ ಬೇಗ ಸೋರುತ್ತೆ. ಅಷ್ಟೇ ಯಾಕೆ, ಆಕಾಶದಿಂದ ಬರೋ ಕಣ್ಣಿಗೆ ಕಾಣದ ಕಣ ಒಂದು ತಗುಲಿದ್ರೆ ಹೊಸ ಗೂಡೂ ಮಗುಚಿಕೊಳ್ಳುತ್ತೆ. ಆರಿಸಿ ಹಾಕಿದ್ರೆ ಎಲ್ಲ ಹೊಸದಾಗಿ ತುಂಬಿ ಸರಿಹೋಗುತ್ತೆ. ಪತ್ತೆಯೇ ಇಲ್ಲ."

ಮ್ಯಾನೇಜರು ಗೋಡೆಯ ಹಲಗೆಯ ಕಡೆಗೆ ನೋಡಿದರು. ತಾವೇ ಬರೆಸಿದ್ದ "ಆರಿಸಿ" ಎಂಬ ಮಾತನ್ನು ಅವರು ಎರಡು ಸಲ ಓದಿದಂತೆ ನನಗೆ ಕಾಣಿಸಿತು. ಆಮೇಲೆ ಜೇಬಿನಿಂದ ಕೀಲಿಯನ್ನು ತೆಗೆದರು.

"ಮುಚ್ಚಿಟ್ಟಿದ್ದು ನೀವಲ್ಲ, ನನ್ನ ಹಲಗೆ" ಎಂದರು, ಎಲ್ಲರಿಗೂ ಕೇಳಿಸುವಂತೆ. "ನಾಲ್ಕು ಜನರ ಮುಂದೆ ಅಂದಿದ್ದೆ, ನಲವತ್ತು ಜನರ ಮುಂದೆ ವಾಪಸ್ ತಗೋತೀನಿ. ಕ್ಷಮಿಸಿಬಿಡಮ್ಮ."

ಆಕೆ ಕೀಲಿಯನ್ನು ತೆಗೆದುಕೊಂಡು, "ಕೀಲಿ ಕೊಟ್ರೆ ಸಾಲದು ಸಾರ್, ಹೊಸ ಮೆಮೊರಿ ಕೊಡ್ಸಿ" ಎಂದಳು. ಮತ್ತೆ ಕತ್ತರಿಗಳು ಮೇಜನ್ನು ಬಡಿದವು.

ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ ಆಗಲೇ ತಯಾರಾಗುತ್ತಿತ್ತಂತೆ. ದೊಡ್ಡ ದೊಡ್ಡ ಕಂಪ್ಯೂಟರುಗಳಲ್ಲಿ ಅದೇ ಇರುತ್ತದಂತೆ. ತಂತಿ ಮಾಮ ಅದನ್ನು ತಂದು ಆರೂ ಯಂತ್ರಗಳಿಗೆ ಹಾಕಿದ ದಿನ ಸಂಜೆ ಚೌಕಳಿ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ ನಮಗೆಲ್ಲ ವಿವರಿಸಿದರು. ಆಕೆಯದು ಒಂದು ಕುಣಿಕೆಗೆ ಅಡ್ಡಕ್ಕೊಬ್ಬ, ಉದ್ದಕ್ಕೊಬ್ಬ ಕಾವಲುಗಾರ. ಈ ಮೆಮೊರಿಯದು ಅದೇ ಉಪಾಯ, ಇನ್ನೂ ಬಿಗಿಯಾದದ್ದು. ಒಂದೊಂದು ಗೂಡನ್ನೂ ಒಂದು ಮನೆ ಎಂದುಕೊಂಡರೆ, ಅರವತ್ತನಾಲ್ಕು ಮನೆಗಳ ಒಂದೊಂದು ಬೀದಿಗೆ ಎಂಟು ಜನ ಕಾವಲುಗಾರರು. ಒಬ್ಬೊಬ್ಬ ಕಾವಲುಗಾರನಿಗೂ ತನ್ನದೇ ಆದ ಒಂದು ಗುಂಪು ಮನೆಗಳು; ತನ್ನ ಗುಂಪಿನಲ್ಲಿ ಜೋಡಿ ತಪ್ಪಿದರೆ ಅವನು ಕೂಗುತ್ತಾನೆ. ಪ್ರತಿಯೊಂದು ಮನೆಗೂ ಕಡಿಮೆಯೆಂದರೆ ಮೂವರ ಕಾವಲು, ಸಂಖ್ಯೆ ಮಾತ್ರ ಯಾವಾಗಲೂ ಬೆಸ. ಯಾವ ಎರಡು ಮನೆಗಳಿಗೂ ಕಾವಲುಗಾರರ ತಂಡ ಒಂದೇ ಆಗಿರುವುದಿಲ್ಲ. ಆದ್ದರಿಂದ ಯಾರ್ಯಾರು ಕೂಗಿದರು ಎಂದು ಕೇಳಿಸಿಕೊಂಡರೆ ಯಾವ ಮನೆ ಎಂದು ತಿಳಿಯುತ್ತದೆ. ಆ ಮನೆಯಲ್ಲಿ ಒಂದಿದ್ದರೆ ಸೊನ್ನೆ, ಸೊನ್ನೆಯಿದ್ದರೆ ಒಂದು. ಯಂತ್ರ ಒಂದು ಕ್ಷಣವೂ ನಿಲ್ಲದೆ ತಿದ್ದಿಕೊಂಡು ಹೋಗುತ್ತದೆ.

ಅತ್ತೆ ಕಾಫಿಯ ಲೋಟವನ್ನು ಕೆಳಗಿಟ್ಟರು. "ಅದೆಲ್ಲ ಸರಿ. ಬೇಲಿಯೇ ಎದ್ದು ಹೊಲ ಮೇಯ್ದರೆ? ಕಾವಲುಗಾರನೇ ಕೆಟ್ಟೋದ್ರೆ?"

ತಂತಿ ಮಾಮ ಅವರ ಕಡೆಗೆ ತಿರುಗಿ ಕುಳಿತರು. "ಅಮ್ಮಾ, ದೊಡ್ಡ ದೊಡ್ಡ ಎಂಜಿನಿಯರುಗಳಿಗೆ ಹೊಳೆಯೋ ಪ್ರಶ್ನೆ ಕೇಳಿದ್ರಿ. ಮನೆ ಕೆಟ್ರೆ ಮೂವರಾದ್ರೂ ಕೂಗ್ಬೇಕು. ಒಬ್ಬನೇ ಕೂಗಿದ್ರೆ ಕೆಟ್ಟಿರೋದು ಕೂಗಿದವನೇ."

"ಮನೇಲೂ ಹಂಗೇ" ಎಂದರು ಅತ್ತೆ, ಮಗನ ಕಡೆಗೆ ನೋಡಿ. ಆತ ಮಾತ್ರ ತನ್ನ ಕಾಫಿಯನ್ನೇ ನೋಡುತ್ತಿದ್ದ.

"ಒಂದೇ ಬೀದೀಲಿ ಎರಡು ಮನೆ ಒಟ್ಟಿಗೆ ಕೆಟ್ರೆ?" ಎಂದು ಚೌಕಳಿ ಅಕ್ಕ ಕೇಳಿದಳು. ಕೇಳಿ ನನ್ನ ಮುಖ ನೋಡಿದಳು. ಪಂಪಿನ ಗಾಲಿಯ ಮುಂದೆ ನಿಂತಿದ್ದ ಇಬ್ಬರು ಹುಡುಗಿಯರು ನನಗೂ ನೆನಪಾದರು.

"ಆಗ ತಿದ್ದೋಕಾಗಲ್ಲ. ಆದ್ರೆ ಎರಡು ಕೆಟ್ಟಿವೆ ಅಂತ ಗೊತ್ತಾಗುತ್ತೆ. ಒಂದು ಕೆಟ್ಟಾಗ ಕೂಗೋರ ಸಂಖ್ಯೆ ಯಾವಾಗ್ಲೂ ಬೆಸ. ಎರಡು ಕೆಟ್ಟಾಗ ಸಮ. ಸಮ ಬಂದ್ರೆ ಯಂತ್ರ ತಪ್ಪು ಹೆಣೆಯೋದಿಲ್ಲ, ತಾನೇ ನಿಂತ್ಬಿಡುತ್ತೆ."

"ನಿಂತ್ರೆ ಸಾಕು" ಎಂದಳು ಆಕೆ. "ಗೊತ್ತಿಲ್ಲ ಅಂತ ನಿಲ್ಲೋದು ತಪ್ಪಲ್ಲ."

ಎಂಟು ನೂರು ಹೊದಿಕೆಗಳೂ ಆಸ್ಪತ್ರೆಯನ್ನು ಸೇರಿದವು. ಎಂಟು ನೂರು ಹಕ್ಕಿಗಳಿಗೂ ಕಣ್ಣಿತ್ತು. ಒಂದರ ಬಾಲವೂ ಹೆಚ್ಚು ಉದ್ದವಿರಲಿಲ್ಲ. ಹೊಸ ಪೆಟ್ಟಿಗೆ ತಾನು ತಿದ್ದಿದ್ದನ್ನೆಲ್ಲ ಬರೆದಿಡುತ್ತಿತ್ತು. ಮೊದಲನೆಯ ತಿಂಗಳು ಮೂರನೆಯ ಯಂತ್ರದಲ್ಲಿ ಒಂಬತ್ತು ತಿದ್ದುಪಡಿಗಳು. ಒಂಬತ್ತರಲ್ಲಿ ಒಂದೂ ಹೊದಿಕೆಯವರೆಗೆ ಬಂದಿರಲಿಲ್ಲ. ಆ ಪಟ್ಟಿಯನ್ನು ಆಕೆ ಮಗುವಿನ ಅಂಕಪಟ್ಟಿಯಂತೆ ತಂದು ನನಗೆ ತೋರಿಸಿದಳು. ಯಂತ್ರವನ್ನೂ ಹಬೆಯ ಇಸ್ತ್ರಿಯಿಂದ ಹತ್ತು ಹೆಜ್ಜೆ ದೂರಕ್ಕೆ ಸರಿಸಿದರು.

ಮೂರನೆಯ ತಿಂಗಳಲ್ಲಿ ಒಂದು ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಐದನೆಯ ಯಂತ್ರ ತಾನಾಗಿಯೇ ನಿಂತುಬಿಟ್ಟಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ. ಮ್ಯಾನೇಜರು ಅಲ್ಲಿಯೇ ಇದ್ದರು. ಎಷ್ಟೋ ವರ್ಷಗಳ ರೂಢಿ. ಅವರ ಕೈ ತಾನಾಗಿ ಸ್ವಿಚ್ಚಿನ ಕಡೆಗೆ ಹೋಯಿತು. ಅಷ್ಟು ದೂರದಿಂದಲೇ ಚೌಕಳಿ ಅಕ್ಕ, "ಸಾರ್, ಕೈ" ಎಂದಳು. ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ತಪ್ಪು ಮಾಡಿದ ಹುಡುಗನಂತೆ ನಿಂತಿದ್ದರು ಎಂದು ಹದ್ದುಗಣ್ಣಿ ಇಂದಿಗೂ ಅಭಿನಯಿಸಿ ತೋರಿಸುತ್ತಾಳೆ. ಆಕೆ ಪೆಟ್ಟಿಗೆಯ ಬರಹವನ್ನು ಓದಿ, ಒಂದೇ ಬೀದಿಯಲ್ಲಿ ಎರಡು ಮನೆಗಳು ಕೆಟ್ಟಿರುವುದನ್ನು ಗುರುತು ಹಾಕಿಕೊಂಡು, ಚಿತ್ರವನ್ನು ಮತ್ತೆ ಕಳುಹಿಸಿದಳು. ಹತ್ತು ನಿಮಿಷಗಳಲ್ಲಿ ಯಂತ್ರ ಓಡತೊಡಗಿತು. ಆ ಹತ್ತು ನಿಮಿಷಗಳಲ್ಲಿ ಒಂದು ಕುಣಿಕೆಯೂ ತಪ್ಪಾಗಿ ಹೆಣೆದಿರಲಿಲ್ಲ.

ಮರುದಿನ ಗೋಡೆಯ ಹಲಗೆಯನ್ನು ಇಳಿಸಿ, ಬಣ್ಣ ಬಳಿಸಿ, ಹೊಸದಾಗಿ ಬರೆಸಿದರು. ನನ್ನನ್ನು ಕರೆಸಿ, ಕಾಗುಣಿತ ಸರಿಯಿದೆಯೇ ಎಂದು ನೋಡಲು ಮ್ಯಾನೇಜರು ಹೇಳಿದ್ದರಿಂದ ಅದರ ಒಂದೊಂದು ಅಕ್ಷರವೂ ನನಗೆ ಬಾಯಿಪಾಠವಾಗಿದೆ: "ತಪ್ಪು ಕಂಡರೆ ನಿಲ್ಲಿಸಿ. ಆರಿಸಬೇಡಿ. ಚೌಕಳಿ ಅಕ್ಕನನ್ನು ಕರೆಯಿರಿ."

ಬಾಲ ಉದ್ದವಾದ ಆ ಒಂದು ಹೊದಿಕೆಯನ್ನು ಮ್ಯಾನೇಜರು ಆಕೆಗೇ ಕೊಟ್ಟರು. ಅದನ್ನು ಹೊದ್ದುಕೊಳ್ಳುವವರು ಅತ್ತೆ. ಅಂಚನ್ನು ಮಡಿಸಿ ಹೊಲಿಯಲು ಮಾತ್ರ ಅವರು ಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ ಆ ನೀಲಿ ಚುಕ್ಕೆಗಳ ಸಾಲನ್ನು ತೋರಿಸಿ, ಒಂದು ಸೂಜಿಯನ್ನು ಕೈಗೆ ಕೊಟ್ಟು, "ತಪ್ಪು ಎಲ್ಲಿದೆ, ಎಣಿಸಿ ಹೇಳಿ ನೋಡೋಣ" ಎನ್ನುತ್ತಾರೆ. ಬಂದವರು ಎಣಿಸಿ ಹೇಳುವವರೆಗೆ ಕಾಫಿ ಒಳಗಿನಿಂದ ಬರುವುದಿಲ್ಲ.